ಬಟ್ಟಲು ನೀರು, ಮೂರು ಬಣ್ಣ, ಹತ್ತು ಉಗುರು

ಒಂದು ಬಟ್ಟಲು ನೀರಿಗೆ ನೇಲ್ ಪಾಲಿಶ್‌ನ ಹನಿಯೊಂದನ್ನು ಬಿಟ್ಟರೆ ಅದು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ನೀರನ್ನು ಸೀಳಿಕೊಂಡು ತಳಕ್ಕೆ ಇಳಿದು ಅಲ್ಲಿಯೇ ಗುಂಡಗೆ ಕುಳಿತುಬಿಡಬಹುದು. ಮೇಲೆಯೇ ಉಳಿದರೂ ಹರಡಲು ಒಪ್ಪದೆ ಮುದ್ದೆಯಾಗಿ ಗಟ್ಟಿಯಾಗಬಹುದು. ಇಲ್ಲವೇ ಎಲ್ಲವೂ ಕೂಡಿಬಂದಾಗ, ರೆಪ್ಪೆ ಬಡಿಯುವಷ್ಟರಲ್ಲಿ ದುಂಡಗೆ ಹರಡಿ, ಬಟ್ಟಲಿನ ಅಂಚನ್ನು ಮುಟ್ಟುವಂಥ ತೆಳುವಾದ ಬಣ್ಣದ ಪೊರೆಯಾಗಬಹುದು. ಮನೆಯಲ್ಲಿ ಕುಳಿತು ಮಾರ್ಬಲ್ ನೇಲ್ ಆರ್ಟ್ ಮಾಡುವವರ ಕಷ್ಟಸುಖವೆಲ್ಲ ಹನಿಯನ್ನು ಈ ಮೂರನೆಯ ದಾರಿಗೆ ಒಪ್ಪಿಸುವುದರಲ್ಲಿದೆ. ಮೊಬೈಲಿನಲ್ಲಿ ಓಡುವ ಸಣ್ಣ ವಿಡಿಯೊಗಳು ಸಾಮಾನ್ಯವಾಗಿ ಶುರುವಾಗುವುದು ಬಣ್ಣ ಹರಡಿದ ಮೇಲೆಯೇ. ಸೂಜಿ ಎಳೆಯುವುದು, ಹೂವು ಅರಳುವುದು, ಬೆರಳು ಮುಳುಗುವುದು, ಇವೆಲ್ಲ ನೋಡಲು ಚೆಂದ. ಆದರೆ ಹನಿ ಏಕೆ ಹರಡಿತು, ನಿನ್ನೆ ಹರಡಿದ ಅದೇ ಸೀಸೆಯ ಬಣ್ಣ ಇಂದೇಕೆ ಹಟ ಹಿಡಿದಿದೆ ಎಂಬುದನ್ನು ಅವು ಹೇಳುವುದಿಲ್ಲ. ನನಗೆ ಈ ಹವ್ಯಾಸದಲ್ಲಿ ರುಚಿ ಹತ್ತಿದ್ದು ಆ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ.

ಮಾರ್ಬಲ್ ಎಂದು ಹೇಳಿಕೊಳ್ಳುವ ನೇಲ್ ಆರ್ಟ್‌ನಲ್ಲಿ ಎರಡು ಬಗೆಗಳಿವೆ. ಒಂದು, ನೆಲಕ್ಕೆ ಹಾಸುವ ಬಿಳಿಯ ಕಲ್ಲಿನ ಬೂದು ಗೆರೆಗಳನ್ನು ಉಗುರಿನ ಮೇಲೆ ತರುವಂಥದ್ದು. ಬಿಳಿ ಬಣ್ಣ ಬಳಿದು ಒಣಗಿಸಿ, ತೀರ ಸಪೂರವಾದ ಕುಂಚದಿಂದ ಬೂದು ಗೆರೆ ಎಳೆದು, ಅಸಿಟೋನ್ ತಾಗಿಸಿದ ಇನ್ನೊಂದು ಕುಂಚದಿಂದ ಆ ಗೆರೆಯ ಒಂದು ಬದಿಯನ್ನು ಮಸುಕುಗೊಳಿಸಿದರೆ ಕೆಲಸ ಮುಗಿಯಿತು. ಕೈ ಸ್ಥಿರವಾಗಿರುವವರಿಗೆ ಅದು ಕಷ್ಟವೇನಲ್ಲ, ಮತ್ತು ನನ್ನ ಮಟ್ಟಿಗೆ ಅದರಲ್ಲಿ ಹೇಳುವಂಥದ್ದೂ ಹೆಚ್ಚಿಲ್ಲ. ಇನ್ನೊಂದು ಬಗೆ ನೀರಿನದು: ಬಣ್ಣವನ್ನು ಮೊದಲು ನೀರಿನ ಮೇಲೆ ತೇಲಿಸಿ, ಅಲ್ಲಿ ಚಿತ್ರ ಬರೆದು, ಆ ಚಿತ್ರವನ್ನು ಉಗುರಿನ ಮೇಲೆ ಎತ್ತಿಕೊಳ್ಳುವುದು. ಈ ಬರಹ ಪೂರ್ತಿ ಅದರದ್ದೇ.

ಹನಿ ಹರಡುವುದಕ್ಕೆ ಕಾರಣ ನೀರಿನಲ್ಲಿದೆ. ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದಲೂ ಸಮನಾಗಿ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ಜೊತೆಗಾರರಿಲ್ಲ, ಆದ್ದರಿಂದ ಅಲ್ಲಿನ ನೀರು ಬಿಗಿಯಾಗಿರುತ್ತದೆ. ಶಾಲೆಯಲ್ಲಿ ಮೇಲ್ಮೈ ಎಳೆತ ಎಂದು ಓದಿದ್ದು ಇದನ್ನೇ. ಕೋಣೆಯ ಉಷ್ಣತೆಯಲ್ಲಿ ಶುದ್ಧ ನೀರಿಗೆ ಇದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್; ನೇಲ್ ಪಾಲಿಶ್‌ನ ಬಹುಪಾಲು ದ್ರಾವಕವಾಗಿರುವ ಈಥೈಲ್ ಅಸಿಟೇಟ್ ಮತ್ತು ಬ್ಯೂಟೈಲ್ ಅಸಿಟೇಟ್‌ಗಳಿಗೆ ಅದು 25ರ ಆಸುಪಾಸು. ಎಳೆತ ಕಡಿಮೆಯಿರುವ ದ್ರವ ಎಳೆತ ಹೆಚ್ಚಿರುವ ನೀರಿನ ಮೇಲೆ ಬಿದ್ದಾಗ ಸುತ್ತಲಿನ ನೀರು ಅದನ್ನು ಎಲ್ಲ ದಿಕ್ಕಿಗೂ ಜಗ್ಗುತ್ತದೆ. ನೋಡುವ ಕಣ್ಣಿಗೆ ಬಣ್ಣವೇ ಹುಮ್ಮಸ್ಸಿನಿಂದ ಓಡಿದಂತೆ ಕಂಡರೂ ಓಡಿಸುವುದು ನೀರು. ಇಂಥ ಚಲನೆಗೆ ಇಟಲಿಯ ಕಾರ್ಲೊ ಮರಾಂಗೋನಿಯ ಹೆಸರಿದೆ. ಪಾವಿಯಾ ವಿಶ್ವವಿದ್ಯಾಲಯದಲ್ಲಿ 1865ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಒಂದು ದ್ರವದ ಮೇಲೆ ಇನ್ನೊಂದು ಹರಡುವ ಬಗೆಯನ್ನು ಕೈಗೆತ್ತಿಕೊಂಡಿದ್ದರು.

ಇದನ್ನು ಒಮ್ಮೆ ತಿಳಿದುಕೊಂಡರೆ, ಮಾರ್ಬಲಿಂಗ್ ಕೈಹಿಡಿಯದೆ ಹೋಗುವ ಸಂದರ್ಭಗಳಲ್ಲಿ ಅರ್ಧಕ್ಕರ್ಧ ಬಟ್ಟಲು ತೊಳೆಯುವ ಕಡೆಯೇ ಹುಟ್ಟುತ್ತವೆಂಬುದು ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಸೋಪು ಕೆಲಸ ಮಾಡುವುದೇ ನೀರಿನ ಎಳೆತವನ್ನು ಇಳಿಸುವುದರ ಮೂಲಕ. ಸ್ಟೀಲ್ ಬಟ್ಟಲಿನ ಅಂಚಿನಲ್ಲಿ ಅದರ ತೆಳುವಾದ ಪಸೆ ಉಳಿದಿದ್ದರೂ ಸಾಕು, ನೀರು ತುಂಬಿದ ಕ್ಷಣವೇ ಅದು ಮೇಲ್ಮೈಯನ್ನೆಲ್ಲ ಆವರಿಸಿ, ಬಣ್ಣವನ್ನು ಜಗ್ಗಬೇಕಾದ ಬಿಗಿಯನ್ನು ಸಡಿಲಿಸಿಬಿಡುತ್ತದೆ. ಕೈಗೆ ಹಚ್ಚಿದ ಕ್ರೀಮು, ತಲೆಗೆ ಹಚ್ಚಿ ಹಾಗೆಯೇ ಬೆರಳಲ್ಲಿ ಉಳಿದ ಕೊಬ್ಬರಿ ಎಣ್ಣೆ, ಒಗ್ಗರಣೆಯ ಹೊತ್ತಿನಲ್ಲಿ ಗಾಳಿಯಲ್ಲಿ ತೇಲಿ ಬಂದ ಜಿಡ್ಡು, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಬಟ್ಟಲನ್ನು ಬರೀ ನೀರಿನಲ್ಲಿ ಹಲವು ಸಲ ಜಾಲಾಡಿಸುವುದು, ಅಥವಾ ಹೊಸ ಪೇಪರ್ ಲೋಟವನ್ನು ಬಳಸುವುದು ಈ ಕಾರಣಕ್ಕೆ. ಥರ್ಮಾಕೋಲ್ ಲೋಟ ಮಾತ್ರ ಬೇಡ. ಅಸಿಟೇಟ್ ದ್ರಾವಕಗಳು ಅದನ್ನು ಕರಗಿಸುತ್ತವೆ.

ನೀರು ಕುಡಿಯಲು ಬಳಸುವ ಸೋಸಿದ ನೀರಾಗಿದ್ದು, ಕೋಣೆಯಷ್ಟೇ ಬೆಚ್ಚಗಿರಬೇಕು. ಫ್ರಿಜ್ಜಿನಿಂದ ತೆಗೆದ ನೀರಿನಲ್ಲಿ ಬಣ್ಣ ಮಂದವಾಗಿ ಅರ್ಧದಲ್ಲೇ ನಿಲ್ಲುತ್ತದೆ. ಬಿಸಿ ನೀರಿನಲ್ಲಿ ದ್ರಾವಕ ಬೇಗ ಆರಿ, ಸೂಜಿ ಮುಟ್ಟುವ ಮೊದಲೇ ಪೊರೆ ಬಿಗಿದುಕೊಳ್ಳುತ್ತದೆ. ಫ್ಯಾನ್ ಆರಿಸಬೇಕೆಂಬುದನ್ನು ಹೇಳಿದರೆ ಮನೆಯವರು ನಗುತ್ತಾರೆ, ಆದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ನೀರು ಅಲುಗುತ್ತದೆ, ಬಣ್ಣವೂ ಬೇಗ ಒಣಗುತ್ತದೆ. ಹಾಗೆಂದು ಕಿಟಕಿ ಮುಚ್ಚುವುದೂ ತರವಲ್ಲ. ಈ ದ್ರಾವಕಗಳ ವಾಸನೆ ತಲೆಗೇರುವಂಥದ್ದು, ಬೆಂಕಿಗೆ ಬೇಗ ಹತ್ತಿಕೊಳ್ಳುವಂಥದ್ದು. ದೇವರ ಮುಂದಿನ ದೀಪದಿಂದಲೂ ಒಲೆಯಿಂದಲೂ ದೂರವಿರುವ, ಗಾಳಿಯಾಡುವ, ಆದರೆ ಗಾಳಿ ನೇರವಾಗಿ ಬೀಸದ ಒಂದು ಮೂಲೆಯನ್ನು ಹುಡುಕಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅದು ಹಿತ್ತಲ ಬಾಗಿಲಿನ ಒಳಮಗ್ಗುಲು.

ಮೇಲ್ಮೈ ಶುದ್ಧವಾಗಿರಬೇಕೆಂಬ ಈ ಮಾತಿಗೆ ಒಂದು ಹಿನ್ನೆಲೆಯಿದೆ, ಮತ್ತು ಅದೂ ಒಂದು ಅಡುಗೆಮನೆಯದ್ದೇ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಆಗ್ನೆಸ್ ಪೊಕೆಲ್ಸ್ 1862ರಲ್ಲಿ ಹುಟ್ಟಿದ, ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಬಾಳಿದ ಹೆಣ್ಣುಮಗಳು. ವಿಜ್ಞಾನದ ಮೇಲೆ ಆಸೆಯಿದ್ದರೂ ವಿಶ್ವವಿದ್ಯಾಲಯದ ಬಾಗಿಲು ಆಗ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಯರ ಆರೈಕೆಯೂ ಮನೆವಾರ್ತೆಯೂ ಅವರ ಪಾಲಿಗೆ ಬಂದವು. ಮನೆಗೆಲಸದ ನಡುವೆಯೇ ಅವರು ಜಿಡ್ಡು, ಸೋಪುಗಳು ತಾಗಿದ ನೀರಿನ ಮೇಲ್ಮೈ ಹೇಗೆ ಬದಲಾಗುತ್ತದೆಂಬುದನ್ನು ಗಮನಿಸಿದರು. 1880ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ತಗಡಿನ ಒಂದು ತೊಟ್ಟಿ, ಅದರ ಅಂಚಿನ ಮೇಲೆ ಅಡ್ಡಲಾಗಿ ಸರಿಸಬಹುದಾದ ತಗಡಿನ ಪಟ್ಟಿ, ನೀರಿನ ಮೇಲ್ಮೈಗೆ ತಾಗುವ ಒಂದು ಗುಂಡಿ, ಅದನ್ನು ಮೇಲಕ್ಕೆತ್ತಲು ಬೇಕಾದ ಬಲವನ್ನು ಅಳೆಯುವ ಸಣ್ಣ ತಕ್ಕಡಿ, ಇಷ್ಟರಿಂದ ಮೇಲ್ಮೈ ಎಳೆತವನ್ನು ಅಳೆಯುವ ಸಾಧನವನ್ನು ಕಟ್ಟಿದರು. ಪಟ್ಟಿಯನ್ನು ಮೇಲ್ಮೈಯುದ್ದಕ್ಕೂ ಸರಿಸಿದರೆ ಕೊಳೆಯೆಲ್ಲ ಒಂದು ಬದಿಗೆ ಸೇರಿ, ಹಿಂದೆ ಉಳಿಯುವ ನೀರು ಶುದ್ಧವಾಗಿರುತ್ತದೆಂಬುದು ಅವರ ವಿಧಾನದ ಜೀವಾಳವಾಗಿತ್ತು.

ಅವರ ಮಾತನ್ನು ಕೇಳುವವರು ವರ್ಷಗಟ್ಟಲೆ ಸಿಗಲಿಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವುದು ತಿಳಿದಾಗ, 1891ರ ಜನವರಿಯಲ್ಲಿ ಪೊಕೆಲ್ಸ್ ತಾವೇ ರೇಲಿಯವರಿಗೆ ಪತ್ರ ಬರೆದರು. ರೇಲಿ ದೊಡ್ಡ ಮನುಷ್ಯ. ಪತ್ರವನ್ನು ಇಂಗ್ಲಿಷಿಗೆ ಮಾಡಿಸಿ, ಈ ಮಹಿಳೆ ತೀರ ಮನೆಮಟ್ಟದ ಸಲಕರಣೆಗಳಿಂದಲೇ ಬೆಲೆಯುಳ್ಳ ಫಲಿತಾಂಶಗಳನ್ನು ಪಡೆದಿದ್ದಾರೆಂದು ಟಿಪ್ಪಣಿ ಸೇರಿಸಿ ನೇಚರ್ ಪತ್ರಿಕೆಗೆ ಕಳುಹಿಸಿದರು. ಅದು ಅದೇ ವರ್ಷದ ಮಾರ್ಚಿನಲ್ಲಿ ಅಚ್ಚಾಯಿತು. ಮುಂದೆ ಅಮೆರಿಕದ ಇರ್ವಿಂಗ್ ಲಾಂಗ್ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿಕೊಂಡು ಮೇಲ್ಮೈ ರಸಾಯನಶಾಸ್ತ್ರವನ್ನು ಬೆಳೆಸಿ 1932ರಲ್ಲಿ ನೊಬೆಲ್ ಬಹುಮಾನ ಪಡೆದರು. ಆ ತೊಟ್ಟಿ ಹೆಚ್ಚಾಗಿ ಲಾಂಗ್ಮ್ಯೂರ್ ಹೆಸರಿನಲ್ಲಿಯೇ ಉಳಿಯಿತು. ಅವರ ಜೊತೆ ಕೆಲಸ ಮಾಡಿದ ಕ್ಯಾಥರೀನ್ ಬ್ಲಾಜೆಟ್, ನೀರಿನ ಮೇಲೆ ತೇಲುವ ಒಂದೇ ಅಣುವಿನ ದಪ್ಪದ ಪೊರೆಯನ್ನು ಗಾಜಿನ ತುಂಡೊಂದನ್ನು ಅದ್ದಿ ಎತ್ತುವ ಮೂಲಕ ಗಾಜಿನ ಮೇಲೆ ಇಳಿಸುವ ವಿಧಾನವನ್ನು ರೂಪಿಸಿದರು. ಪದರದ ಮೇಲೆ ಪದರ ಕೂಡಿಸಿ ಅವರು 1938ರಲ್ಲಿ ಬೆಳಕನ್ನು ಪ್ರತಿಫಲಿಸದ ಗಾಜನ್ನೂ ಮಾಡಿ ತೋರಿಸಿದರು.

ತೇಲುವ ಪೊರೆಯೊಳಗೆ ಗಟ್ಟಿ ವಸ್ತುವನ್ನು ಅದ್ದಿ, ಪೊರೆಯನ್ನು ಅದರ ಮೇಲೆ ಎತ್ತಿಕೊಳ್ಳುವುದು: ಬ್ಲಾಜೆಟ್ ಗಾಜಿನಲ್ಲಿ ಮಾಡಿದ್ದನ್ನು ನಾವು ಉಗುರಿನಲ್ಲಿ ಮಾಡುತ್ತೇವೆ. ನಮ್ಮ ಪೊರೆ ಅವರದಕ್ಕಿಂತ ಸಾವಿರಾರು ಪಟ್ಟು ದಪ್ಪವೆಂಬುದು ನಿಜ. ಒಂದು ಹನಿ 0.03 ಮಿಲಿಲೀಟರ್ ಇದೆಯೆಂದುಕೊಂಡು, ಅದು 6 ಸೆಂಟಿಮೀಟರ್ ಅಗಲದ ಬಟ್ಟಲಿನ ತುಂಬ ಹರಡಿತೆಂದು ಲೆಕ್ಕ ಹಾಕಿದರೆ ಹಸಿ ಪೊರೆಯ ದಪ್ಪ ಹತ್ತು ಮೈಕ್ರೋಮೀಟರ್‌ಗೆ ಹತ್ತಿರ ಬರುತ್ತದೆ, ಆರಿದ ಮೇಲೆ ಅದರ ಒಂದು ಪಾಲು ಮಾತ್ರ ಉಳಿಯುತ್ತದೆ. ತಲೆಗೂದಲಿನ ಎಳೆ ಇದಕ್ಕಿಂತ ಎಷ್ಟೋ ದಪ್ಪ. ಇಷ್ಟು ತೆಳುವಾದ ಬಣ್ಣದ ಹಿಂದೆ ಉಗುರಿನ ಸ್ವಂತ ಬಣ್ಣ ಇಣುಕುವುದು ಸಹಜ. ಮೊದಲೇ ಬಿಳಿಯ ಎರಡು ಕೋಟು ಬಳಿದು ಪೂರ್ತಿ ಒಣಗಿಸಿಕೊಳ್ಳಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿ.

ಯಾವ ಸೀಸೆಯ ಬಣ್ಣ ಹರಡುತ್ತದೆಂಬುದು ಅಂಗಡಿಯಲ್ಲಿ ನಿಂತು ಹೇಳಬಹುದಾದ ಮಾತಲ್ಲ. ನೇಲ್ ಪಾಲಿಶ್‌ನಲ್ಲಿ ಪೊರೆ ಕಟ್ಟುವ ವಸ್ತು ನೈಟ್ರೊಸೆಲ್ಯುಲೋಸ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕ್ರಿಶ್ಚಿಯನ್ ಶೋನ್‌ಬೈನ್ 1846ರಲ್ಲಿ ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿ ಕಂಡುಕೊಂಡ ಈ ವಸ್ತು ಮೊದಲು ಸಿಡಿಮದ್ದಾಗಿ ಹೆಸರಾಯಿತು, ಆಮೇಲೆ ಫಿಲ್ಮ್ ಸುರುಳಿಯಾಯಿತು, 1920ರ ದಶಕದಲ್ಲಿ ಮೋಟಾರು ಕಾರುಗಳಿಗೆ ಬೇಗ ಒಣಗುವ ಬಣ್ಣವಾಯಿತು, ಅಲ್ಲಿಂದ ಉಗುರಿಗೂ ಬಂತು. ನೀರಿನಲ್ಲಿ ಅದು ಕರಗುವುದಿಲ್ಲ. ದ್ರಾವಕ ಮೇಲಕ್ಕೆ ಆವಿಯಾಗುತ್ತಲೂ, ಈಥೈಲ್ ಅಸಿಟೇಟ್‌ನ ಒಂದಂಶ ಕೆಳಗಿನ ನೀರಿಗೆ ಇಳಿಯುತ್ತಲೂ ಹೋದಂತೆ ನೈಟ್ರೊಸೆಲ್ಯುಲೋಸ್ ಎರಡೂ ಕಡೆಯಿಂದ ಬಿಗಿದುಕೊಳ್ಳುತ್ತದೆ. ಹಾಗಾಗಿ ಉಗುರಿನ ಮೇಲೆ ಹಚ್ಚಿದ ಬಣ್ಣಕ್ಕೆ ಸಿಗುವಷ್ಟು ಕಾಲ ನೀರಿನ ಮೇಲಿನ ಬಣ್ಣಕ್ಕೆ ಸಿಗುವುದಿಲ್ಲ. ಬೇಗ ಒಣಗುವಂತೆ ಮಾಡಿದ ಪಾಲಿಶ್ ಇಲ್ಲಿ ಕೆಲಸಕ್ಕೆ ಬಾರದು. ಯುವಿ ದೀಪದಡಿ ಗಟ್ಟಿಯಾಗುವ ಜೆಲ್ ಪಾಲಿಶ್‌ನ ಜಾಯಮಾನವೇ ಬೇರೆ. ಅದು ದ್ರಾವಕ ಆರಿ ಗಟ್ಟಿಯಾಗುವ ವಸ್ತುವಲ್ಲ, ನೀರಿನ ಆಟಕ್ಕೆ ಅದನ್ನು ಎಳೆಯಬಾರದು. ವರ್ಷದಿಂದ ಕಪಾಟಿನಲ್ಲಿ ಕುಳಿತು ದಪ್ಪಗಾದ ಸೀಸೆಯೂ ಬೇಡ. ವಿಚಿತ್ರವೆಂದರೆ, ದುಬಾರಿ ಬ್ರ್ಯಾಂಡಿನ ಸೀಸೆ ಮುದ್ದೆಗಟ್ಟುವಲ್ಲಿ ಬಳೆ ಅಂಗಡಿಯ ಹೊಸ, ತೆಳು, ಅಗ್ಗದ ಸೀಸೆ ಸೊಗಸಾಗಿ ಹರಡುವುದುಂಟು. ಒಂದೇ ಕಂಪನಿಯ ಕೆಂಪು ಓಡುತ್ತದೆ, ಹಳದಿ ನಿಲ್ಲುತ್ತದೆ. ಹನಿ ಬಿಟ್ಟು ನೋಡುವುದೊಂದೇ ಪರೀಕ್ಷೆ.

ಹನಿಯನ್ನು ನೀರಿನ ಮೇಲ್ಮೈಗೆ ತೀರ ಹತ್ತಿರದಿಂದ, ಕುಂಚವನ್ನು ಒತ್ತದೆ, ತಾನಾಗಿಯೇ ಜಾರಿ ಬೀಳುವಂತೆ ಬಿಡಬೇಕು. ಎತ್ತರದಿಂದ ಬಿದ್ದರೆ ಅದು ಮೇಲ್ಮೈಯನ್ನು ಒಡೆದುಕೊಂಡು ಇಳಿದುಬಿಡುತ್ತದೆ. ಮೊದಲ ಹನಿ ಮೊದಲ ದೋಸೆಯ ಹಾಗೆ. ಅದು ಚೆನ್ನಾಗಿ ಬರದಿದ್ದರೆ ಬೇಸರಪಡಬೇಕಿಲ್ಲ. ಅದರ ನಡುವಿಗೆ ಎರಡನೆಯ ಬಣ್ಣ, ಅದರ ನಡುವಿಗೆ ಮೂರನೆಯದು, ಮತ್ತೆ ಮೊದಲನೆಯದು, ಹೀಗೆ ಬಿಡುತ್ತ ಹೋದರೆ ಒಳಗಿನ ಪ್ರತಿ ಹನಿಯೂ ಹಳೆಯ ಉಂಗುರಗಳನ್ನು ಹೊರಕ್ಕೆ ತಳ್ಳಿ, ಉಂಗುರದೊಳಗೆ ಉಂಗುರವಾಗಿ ಬಣ್ಣಗಳು ಕೂಡುತ್ತವೆ. ಇಷ್ಟು ಹೊತ್ತಿಗೆ ತೀರ ಹೊರಗಿನ ಉಂಗುರ ಒಣಗಿ ಬಟ್ಟಲಿನ ಅಂಚಿಗೆ ಕಚ್ಚಿಕೊಂಡಿರುತ್ತದೆ. ಸೂಜಿಯನ್ನು ಅಲ್ಲಿಂದ ಎಳೆಯತೊಡಗಿದರೆ ಇಡೀ ಪೊರೆ ಅದರ ಹಿಂದೆಯೇ ಕಿತ್ತುಕೊಂಡು ಬರುತ್ತದೆ. ಹೊರಗಿನ ಒಂದೆರಡು ಉಂಗುರಗಳನ್ನು ಬಿಟ್ಟು ಒಳಗಿನಿಂದ ಆರಂಭಿಸಬೇಕು. ಗುಂಡುಸೂಜಿ, ಟೂತ್‌ಪಿಕ್, ಹೊಸ ಪೊರಕೆಯಿಂದ ಎಳೆದ ತೆಂಗಿನ ಕಡ್ಡಿ, ಯಾವುದಾದರೂ ಸರಿ. ಆದರೆ ಪ್ರತಿ ಎಳೆತದ ನಂತರ ತುದಿಯನ್ನು ಟಿಶ್ಯೂ ಕಾಗದದಿಂದ ಒರೆಸಲೇಬೇಕು, ಏಕೆಂದರೆ ತುದಿಗೆ ಹತ್ತಿದ ಚೂರು ಬಣ್ಣ ಮುಂದಿನ ಗೆರೆಯಲ್ಲಿ ಎಳೆಎಳೆಯಾಗಿ ಹರಡಿ ಚಿತ್ರವನ್ನು ಕೆಡಿಸುತ್ತದೆ.

ಹೊರಗಿನಿಂದ ನಡುವಿಗೆ ಎಳೆದರೆ ಉಂಗುರಗಳು ಒಳಬಾಗಿ ಎಸಳುಗಳಾಗುತ್ತವೆ. ಎರಡು ಎಸಳುಗಳ ನಡುವೆ ಒಳಗಿನಿಂದ ಹೊರಕ್ಕೆ ಎಳೆದರೆ ಅವು ಮೊನಚಾಗುತ್ತವೆ. ಪಕ್ಕಪಕ್ಕದಲ್ಲಿ ಒಂದು ಮೇಲಕ್ಕೆ ಒಂದು ಕೆಳಕ್ಕೆ ಎಳೆದ ಗೆರೆಗಳು ಹಕ್ಕಿಯ ಗರಿಯ ಆಕಾರ ತರುತ್ತವೆ. ಇಲ್ಲಿ ಕೈಯನ್ನು ತಡೆಯುವುದೇ ದೊಡ್ಡ ಕಷ್ಟ. ಇನ್ನೊಂದೇ ಒಂದು ಗೆರೆ ಎಂದುಕೊಳ್ಳುವಷ್ಟರಲ್ಲಿ ಪೊರೆ ಒಣಗಿರುತ್ತದೆ, ಅಥವಾ ಬಣ್ಣಗಳೆಲ್ಲ ಒಂದರೊಳಗೊಂದು ಸೇರಿ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಎಂಟು ಹತ್ತು ಬಣ್ಣಗಳನ್ನು ಒಟ್ಟಿಗೆ ಬಳಸುವುದನ್ನು ನಾನು ಮೆಚ್ಚುವುದಿಲ್ಲ. ಬಟ್ಟಲಿನಲ್ಲಿ ಅದು ಜಾತ್ರೆಯಂತೆ ಕಂಡರೂ ಉಗುರಿನ ಅಗಲಕ್ಕೆ ಅದರ ಒಂದು ಚೂರು ಮಾತ್ರ ಬರುತ್ತದೆ, ಆ ಚೂರಿನಲ್ಲಿ ಕಣ್ಣಿಗೆ ನಿಲ್ಲಲು ಜಾಗವಿರುವುದಿಲ್ಲ. ಬಿಳಿ, ಕಡುನೀಲಿ, ಜೊತೆಗೆ ಇವೆರಡಕ್ಕೂ ದೂರದ ಮೂರನೆಯ ಬಣ್ಣವೊಂದು, ನನಗೆ ಅಷ್ಟೇ ಸಾಕು.

ಅದ್ದುವುದಕ್ಕೆ ಮುನ್ನ ಉಗುರಿನ ಸುತ್ತಲಿನ ಚರ್ಮವನ್ನು ಮುಚ್ಚಿಕೊಳ್ಳಬೇಕು. ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಉಗುರಿಗೆ ಒಂದಿಷ್ಟು ತಾಗಿದರೂ ಬಣ್ಣ ಅಲ್ಲಿ ಹಿಡಿಯುವುದಿಲ್ಲ, ನೀರಿಗೆ ತಾಗಿದರೆ ಮೇಲ್ಮೈಯೇ ಕೆಡುತ್ತದೆ. ಫೆವಿಕಾಲನ್ನು ತೆಳುವಾಗಿ ಹಚ್ಚಿ ಒಣಗಿಸಿ, ಕೆಲಸ ಮುಗಿದ ಮೇಲೆ ಬಣ್ಣದ ಸಮೇತ ಸಿಪ್ಪೆಯಂತೆ ಸುಲಿದು ತೆಗೆಯುವುದು ಮೇಲು. ಬೆರಳನ್ನು ಓರೆಯಾಗಿ ಇಳಿಸದೆ, ಉಗುರಿನ ಇಡೀ ಮುಖ ಒಮ್ಮೆಗೇ ನೀರನ್ನು ಮುಟ್ಟುವಂತೆ, ಬೇಕಾದ ಎಸಳಿನ ನೇರ ಮೇಲಿನಿಂದ ಒತ್ತಬೇಕು. ಒತ್ತಿದ ಮೇಲೆ ತಕ್ಷಣ ಬೆರಳನ್ನು ಎತ್ತಬಾರದು. ಬೆರಳು ನೀರಿನೊಳಗೇ ಇರುವಾಗ, ಮೇಲೆ ಉಳಿದ ಪೊರೆಯನ್ನು ಇನ್ನೊಂದು ಕೈಯ ಟೂತ್‌ಪಿಕ್ಕಿನಿಂದಲೋ ಇಯರ್ ಬಡ್‌ನಿಂದಲೋ ಸುತ್ತಿ ಸುತ್ತಿ ತೆಗೆದು, ನೀರು ತಿಳಿಯಾದ ಮೇಲೆ ಮಾತ್ರ ಮೇಲಕ್ಕೆ ತರಬೇಕು. ಇಲ್ಲದಿದ್ದರೆ ಹೊರಬರುವಾಗ ಎರಡನೆಯ ಪೊರೆ ಮೊದಲನೆಯದರ ಮೇಲೆ ಸುಕ್ಕುಸುಕ್ಕಾಗಿ ಕೂರುತ್ತದೆ. ಬಲಗೈಗೆ ಎಡಗೈಯಿಂದ ಇದನ್ನು ಮಾಡಬೇಕಾದಾಗ ಮನೆಯಲ್ಲಿ ತಾಳ್ಮೆಯಿರುವ ಇನ್ನೊಬ್ಬರಿದ್ದರೆ ಒಳ್ಳೆಯದು. ಅಕ್ಕತಂಗಿಯರಿರುವ ಮನೆಗಳಲ್ಲಿ ಈ ಕಲೆ ಬೇಗ ಬೆಳೆಯುವುದು ಇದೇ ಕಾರಣಕ್ಕೆಂದು ನನ್ನ ಗುಮಾನಿ.

ಮುಂದಿನ ಉಗುರಿಗೆ ಹೋಗುವ ಮೊದಲು ಟಿಶ್ಯೂ ಕಾಗದದ ಅಂಚನ್ನು ನೀರಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದರೆ ಕಣ್ಣಿಗೆ ಕಾಣದ ಪಸೆಯೂ ಬರುತ್ತದೆ. ಪೊಕೆಲ್ಸ್ ಅವರ ತಗಡಿನ ಪಟ್ಟಿ ಮಾಡುತ್ತಿದ್ದದ್ದೂ ಇದನ್ನೇ. ಆದರೆ ನೀರಿನೊಳಗೆ ಕರಗಿದ ದ್ರಾವಕವನ್ನು ಯಾವ ಕಾಗದವೂ ತೆಗೆಯಲಾರದು. ಕೆಲವು ಉಗುರುಗಳಾದ ಮೇಲೆ ಬಣ್ಣ ಹರಡುವುದು ಮಂದವಾದರೆ ಸೀಸೆಯನ್ನು ಶಪಿಸದೆ ನೀರನ್ನು ಬದಲಿಸಬೇಕು.

ನೀರಿನ ಮೇಲೆ ಬಣ್ಣ ತೇಲಿಸಿ ಎತ್ತಿಕೊಳ್ಳುವ ವಿದ್ಯೆ ಉಗುರಿಗೆ ಬಂದದ್ದು ತೀರ ಈಚೆಗೆ. ಕಾಗದದ ಮೇಲೆ ಅದಕ್ಕೆ ನೂರಾರು ವರ್ಷಗಳ ವಯಸ್ಸಿದೆ. ಜಪಾನಿನ ಸುಮಿನಾಗಾಶಿಯಲ್ಲಿ ಬರೀ ನೀರಿನ ಮೇಲೆ ಶಾಯಿಯನ್ನೂ ಅದನ್ನು ಹರಡಿಸುವ ದ್ರವವನ್ನೂ ಒಂದಾದ ಮೇಲೊಂದು ತಾಗಿಸಿ ಉಂಗುರಗಳನ್ನು ಬಿಡಿಸುತ್ತಾರೆ; 12ನೇ ಶತಮಾನದ ಕಾವ್ಯ ಪ್ರತಿಗಳಲ್ಲಿಯೇ ಅಂಥ ಕಾಗದಗಳಿವೆ. ತುರ್ಕಿಯ ಎಬ್ರು ಕಲೆಯಲ್ಲಿ ನೀರಿಗೆ ಅಂಟು ಸೇರಿಸಿ ಮಂದ ಮಾಡಿಕೊಳ್ಳುತ್ತಾರೆ, ಬಣ್ಣಕ್ಕೆ ಎತ್ತಿನ ಪಿತ್ತರಸವನ್ನು ಬೆರೆಸುತ್ತಾರೆ. ನಮ್ಮ ಸೀಸೆಯಲ್ಲಿ ಅಸಿಟೇಟ್ ಮಾಡುವ ಕೆಲಸವನ್ನು, ಎಂದರೆ ಎಳೆತವನ್ನು ಇಳಿಸಿ ಬಣ್ಣವನ್ನು ಹರಡಿಸುವುದನ್ನು, ಅಲ್ಲಿ ಪಿತ್ತ ಮಾಡುತ್ತದೆ. ಎಬ್ರುವನ್ನು ಯುನೆಸ್ಕೊ 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಒಂದು ಕವಲು ನಮ್ಮ ಬಿಜಾಪುರದಲ್ಲಿ ಚಿಗುರಿತ್ತೆಂಬುದು ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 17ನೇ ಶತಮಾನದ ದಖ್ಖನಿನ, ಹೆಚ್ಚಾಗಿ ಬಿಜಾಪುರದ್ದೆಂದು ವಿದ್ವಾಂಸರು ಗುರುತಿಸುವ ಚಿತ್ರಗಳಲ್ಲಿ ಮಾರ್ಬಲಿಂಗ್ ಬರೀ ಅಂಚಿನ ಅಲಂಕಾರವಾಗಿ ಉಳಿಯದೆ ಚಿತ್ರದ ಮೈಯೇ ಆಗಿದೆ. ಬಣ್ಣ ತಾಗಬಾರದ ಜಾಗವನ್ನು ಮುಚ್ಚಿಟ್ಟು, ಕಾಗದವನ್ನು ತೇಲುವ ಬಣ್ಣದ ಮೇಲಿಟ್ಟು ತೆಗೆದರೆ ಆಕೃತಿಯ ಒಳಗೆ ಮಾತ್ರ ಅಲೆಗಳು ಉಳಿಯುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಈ ಬಗೆಯ ಒಂದು ಚಿತ್ರವಿದೆ: ಬಡಕಲು ಕುದುರೆಯ ಮೇಲೆ ಕುಳಿತ ಒಬ್ಬ ವಿರಕ್ತ. ಎಲುಬು ಎಣಿಸುವಂತಿರುವ ಆ ಪ್ರಾಣಿಗೆ ಹರಿಯುವ ಬಣ್ಣದ ಮೈ ಕೊಟ್ಟ ಕಲಾವಿದನ ಧೈರ್ಯ ದೊಡ್ಡದು. ಒಂದು ಜಾಗವನ್ನು ಮುಚ್ಚಿ ಇನ್ನೊಂದಕ್ಕೆ ಮಾತ್ರ ಬಣ್ಣ ಹಿಡಿಸುವ ಆ ಉಪಾಯವನ್ನೇ ನಾವು ಫೆವಿಕಾಲಿನಿಂದ ಮಾಡುತ್ತಿದ್ದೇವೆಂದು ನೆನೆದಾಗ ನನಗೆ ನಗುವೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ. ದೀಪಾವಳಿಯ ಹೊತ್ತಿಗೆ ದೊಡ್ಡ ತಟ್ಟೆಯ ನೀರಿನ ಮೇಲೆ ಇದ್ದಿಲ ಪುಡಿಯನ್ನು ಜರಡಿ ಹಿಡಿದು, ಅದರ ಮೇಲೆ ರಂಗೋಲಿ ಬಿಡಿಸುವ ಹೆಂಗಸರೂ ಇದೇ ಮೇಲ್ಮೈಯನ್ನು ನೆಚ್ಚಿದವರು. ಪುಡಿಯನ್ನು ಎಷ್ಟು ಹಗುರವಾಗಿ ಉದುರಿಸಬೇಕೆಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಿಲ್ಲ.

ಒಮ್ಮೆ ಮೂಡಿದ ವಿನ್ಯಾಸ ಇನ್ನೊಮ್ಮೆ ಹಾಗೆಯೇ ಮೂಡುವುದಿಲ್ಲ. ಈ ಗುಣವನ್ನು ಹಣಕಾಸಿನ ಕೆಲಸಕ್ಕೆ ಬಳಸಿಕೊಂಡವರು ಬೆಂಜಮಿನ್ ಫ್ರಾಂಕ್ಲಿನ್. 1775ರಲ್ಲಿ ಅಮೆರಿಕದ ವಸಾಹತುಗಳ ಕಾಂಗ್ರೆಸ್ಸು ಹೊರಡಿಸಿದ 20 ಡಾಲರಿನ ನೋಟಿಗೆ ಅವರು ಒದಗಿಸಿದ ಕಾಗದದ ಒಂದು ಅಂಚು ಮಾರ್ಬಲಿಂಗ್ ಮಾಡಿದ್ದಾಗಿತ್ತು. ಖೋಟಾ ನೋಟು ಮಾಡುವವರು ಅಕ್ಷರವನ್ನು ನಕಲು ಮಾಡಿಯಾರು, ಆ ಅಲೆಗಳನ್ನು ಮಾಡಲಾರರು. ಲಂಡನ್ನಿನ ಕ್ಲಾಪಮ್ ಮೈದಾನದ ಕೊಳದಲ್ಲಿ ಒಂದು ಚಮಚೆಯಷ್ಟು ಎಣ್ಣೆ ಸುರಿದು ಅದು ಎಷ್ಟು ದೂರ ಹರಡುತ್ತದೆಂದು ನೋಡಿ ಬರೆದವರೂ ಇವರೇ. ಉಗುರಿಗೆ ಬಂದಾಗ ಇದೇ ಗುಣ ತಕರಾರಾಗುತ್ತದೆ, ಏಕೆಂದರೆ ಹತ್ತು ಬೆರಳಿಗೂ ಒಂದೇ ಚಿತ್ರ ಬೇಕೆಂದು ಹೊಸಬರು ಹಟ ಹಿಡಿಯುತ್ತಾರೆ. ಅದು ಬೇಕಿದ್ದರೆ ಅಂಗಡಿಯಲ್ಲಿ ಸಿಗುವ ಸ್ಟಿಕ್ಕರ್ ಅಂಟಿಸಿಕೊಳ್ಳಬಹುದು. ಬಣ್ಣಗಳು ಒಂದೇ ಇದ್ದು, ಗೆರೆಗಳು ಬೇರೆಯಾಗಿದ್ದರೆ ಹತ್ತೂ ಉಗುರುಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ, ಅಷ್ಟು ಹೋಲಿಕೆ ಸಾಕು.

ಇಷ್ಟೆಲ್ಲ ಗಮನ ಬೇಡುವ ಕೆಲಸಕ್ಕೆ ನಮ್ಮಲ್ಲಿ ಇರುವ ಹೆಸರು ಶೋಕಿ. ಅಡುಗೆ ಮಾಡುವ ಕೈಗೆ ಇದೆಲ್ಲ ಏಕಮ್ಮ ಎಂದು ಅತ್ತೆ ಕೇಳಿದಾಗ ಅದರಲ್ಲಿ ಬರೀ ಗೊಣಗಾಟವಿರಲಿಲ್ಲವೆಂಬುದನ್ನು ಒಪ್ಪಬೇಕು. ಅಕ್ಕಿ ರೊಟ್ಟಿ ತಟ್ಟುವ, ಮುದ್ದೆ ಕಟ್ಟುವ, ಸಾರನ್ನ ಕಲಸಿ ಉಣ್ಣುವ ಕೈಯಲ್ಲಿ ಪಾಲಿಶ್ ಬೇಗ ಚಕ್ಕೆಯೇಳುತ್ತದೆ. ಚಕ್ಕೆಯೆದ್ದ ಬಣ್ಣ ಊಟದಲ್ಲಿ ಸೇರಬಾರದ ವಸ್ತು. ಚಕ್ಕೆ ಕಂಡ ದಿನವೇ ರಿಮೂವರ್ ಹಚ್ಚಿ ಪೂರ್ತಿ ತೆಗೆದುಬಿಡುವುದು ಸರಿ. ಆದರೆ ಅವರ ಮಾತಿನ ಉಳಿದ ಅರ್ಧಕ್ಕೆ ನನ್ನ ಒಪ್ಪಿಗೆಯಿಲ್ಲ. ಆಷಾಢದಲ್ಲಿ ಮದರಂಗಿ ಎಲೆಯನ್ನು ಅರೆದು ರಾತ್ರಿಯಿಡೀ ಬೆರಳ ತುದಿಗೆ ಕಟ್ಟಿಕೊಂಡು ಮಲಗಿದ ಕೈಗಳೂ ಬೆಳಿಗ್ಗೆ ಎದ್ದು ಅಡುಗೆಯನ್ನೇ ಮಾಡುತ್ತಿದ್ದವು. ಮದರಂಗಿಯ ಬಣ್ಣ ಉಗುರಿನ ಕೆರಾಟಿನ್ ಎಂಬ ಪ್ರೋಟೀನಿಗೇ ಹಿಡಿದುಕೊಳ್ಳುವುದರಿಂದ ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವ ಉಗುರಿನ ಜೊತೆ ಅದೂ ಮುಂದಕ್ಕೆ ಸರಿದು, ಕತ್ತರಿಸಿ ಹೋಗುವವರೆಗೂ ಇರುತ್ತದೆ. ಪಾಲಿಶ್ ಬರೀ ಮೇಲೆ ಕುಳಿತಿರುತ್ತದೆ. ಒಂದು ಸಂಪ್ರದಾಯವಾಗಿ ಇನ್ನೊಂದು ಶೋಕಿಯಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುತ್ತಿಲ್ಲ. ಕಾಗದದ ಮೇಲೆ ಉಳಿದ ಮಾರ್ಬಲಿಂಗ್ ವಸ್ತುಸಂಗ್ರಹಾಲಯಕ್ಕೆ ಹೋಯಿತು, ಎಂಟು ಹತ್ತು ದಿನಕ್ಕೆ ಅಳಿಸಿಹೋಗುವ ಉಗುರಿನದನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಎರಡಕ್ಕೂ ಬೇಕಾದ ಕೈ ಮಾತ್ರ ಒಂದೇ.

ಬಟ್ಟಲಿನಲ್ಲಿ ಉಳಿದ ನೀರನ್ನು ಸಿಂಕಿಗೆ ಸುರಿಯುವ ಮೊದಲು ಮೇಲಿನ ಪೊರೆಯನ್ನೂ ತಳಕ್ಕೆ ಇಳಿದ ಮುದ್ದೆಗಳನ್ನೂ ತೆಗೆದು ಕಾಗದದಲ್ಲಿ ಸುತ್ತಿ ಒಣಗಿಸಿ, ಒಣ ಕಸದಿಂದ ಬೇರೆಯಾಗಿ, ಹಳೆಯ ಪೇಂಟು ಡಬ್ಬಿಯಂಥವುಗಳ ಜೊತೆ ಕೊಡಬೇಕು. ಪೊರೆ ಚೆನ್ನಾಗಿ ಬಂದು ಉಗುರಿಗೆ ಬೇಡವಾಗಿದ್ದರೆ ಅದರ ಮೇಲೆ ದಪ್ಪ ಕಾಗದದ ಚೂರನ್ನು ಒತ್ತಿ ತೆಗೆಯಬಹುದು. ಪುಸ್ತಕದ ನಡುವೆ ಇಡುವ ಗುರುತಿನ ಚೀಟಿಗೆ ಅದು ಒಪ್ಪುತ್ತದೆ.

ಮದುವೆ ಮನೆಗೆಂದು ಇದನ್ನು ಮಾಡಿಕೊಳ್ಳುವವರು ಒಂದೆರಡು ವಿಷಯಗಳನ್ನು ನೆನಪಿಡಬೇಕು. ಮೆಹೆಂದಿಯ ಕೆಲಸ ಪೂರ್ತಿ ಮುಗಿದ ಮೇಲೆಯೇ ಉಗುರಿಗೆ ಕೈ ಹಾಕುವುದು ಒಳ್ಳೆಯದು. ಉಗುರಿಗೆ ಮೆಹೆಂದಿ ಹತ್ತಬಾರದೆಂದಿದ್ದರೆ ಮಾತ್ರ ಮೊದಲು ಬಣ್ಣವಿಲ್ಲದ ಒಂದು ಕೋಟು ಬಳಿದುಕೊಂಡು, ಮೆಹೆಂದಿಯಾದ ಮೇಲೆ ಅದನ್ನು ತೆಗೆದುಬಿಡಬೇಕು. ರಿಮೂವರ್ ತಾಗಿದರೆ ಮೆಹೆಂದಿಯ ಬಣ್ಣ ಮಾಸಬಹುದೆಂಬ ಭಯವಿರುವವರು ಬೆರಳ ತುದಿಯ ವಿನ್ಯಾಸವನ್ನು ಉಗುರಿನ ಬುಡದಿಂದ ಸ್ವಲ್ಪ ದೂರಕ್ಕೆ ನಿಲ್ಲಿಸಲು ಮೊದಲೇ ಹೇಳಲಿ. ಅರಿಶಿನ ಶಾಸ್ತ್ರದ ಬೆಳಿಗ್ಗೆ ಬಿಳಿಯ ತಳದ ಮಾರ್ಬಲ್ ಉಗುರುಗಳನ್ನು ಇಟ್ಟುಕೊಂಡು ಕೂರುವುದು ಮಾತ್ರ ಬೇಡ, ಅರಿಶಿನ ಕೊನೆಗೆ ಬಳಿಯುವ ಬಣ್ಣವಿಲ್ಲದ ಟಾಪ್ ಕೋಟಿನ ಮೂಲಕವೂ ಬಿಳಿಯನ್ನು ಹಳದಿಗೆ ತಿರುಗಿಸುತ್ತದೆ. ಅಂಥ ಸಂದರ್ಭಕ್ಕೆ ತಳಕ್ಕೆ ಬಿಳಿಯ ಬದಲು ಕಡುಗೆಂಪನ್ನೋ ಮರೂನನ್ನೋ ಬಳಿದು, ಮೇಲಿನ ಪೊರೆಗೆ ಚಿನ್ನದ ಬಣ್ಣವನ್ನು ಸೇರಿಸಿದರೆ ಅರಿಶಿನ ತಾಗಿದರೂ ಗೊತ್ತಾಗುವುದಿಲ್ಲ, ರೇಷ್ಮೆ ಸೀರೆಯ ಜರಿ ಅಂಚಿಗೂ ಹೊಂದುತ್ತದೆ.